ಮರಳಲ್ಲಿ ಹೂತ ಚಪ್ಪಲಿ

ಡಿಸೆಂಬರ್ ೨೬, ರಾತ್ರಿ

ಕ್ರಿಸ್‌ಮಸ್ ರಜೆಗೆ ಈ ದ್ವೀಪಕ್ಕೆ ಬಂದು ಮೂರು ದಿನ. ನಮ್ಮ ಯಜಮಾನರಿಗೆ ಇದು ಮೊದಲ ಸಲವಂತೆ. ಆದರೆ ದೋಣಿಯಿಂದ ಇಳಿದದ್ದೇ ತಡ, ನಮ್ಮ ನಾಯಿ, ತವರುಮನೆಗೆ ಬಂದ ಹಾಗೆ, ಹಗ್ಗ ಜಗ್ಗಿಕೊಂಡು ನೇರ ಈ ಬಾಡಿಗೆ ಮನೆಯ ಬಾಗಿಲಿಗೇ ಹೋಗಿ ನಿಂತಿತು.

"ಸೆಕೆ ಕಣೇ, ನೆರಳು ಹುಡುಕ್ತಿದೆ ಅಷ್ಟೇ" ಅಂದರು. ನಂಬಿದೆ.

ಹೋದ ವರ್ಷ ಇದೇ ರಜೆಯಲ್ಲಿ ಆಫೀಸ್ ಕೆಲಸವೆಂದು ಹೊರಟವರು ನಾಯಿಯನ್ನೂ ಕರೆದುಕೊಂಡು ಹೋಗಿದ್ದರು. ಆಫೀಸಿಗೆ ನಾಯಿ ಯಾಕೆ ಎಂದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ವಾಪಸು ಬಂದದ್ದು ಹೊಸ ಚಪ್ಪಲಿಯಲ್ಲಿ.

ಚಪ್ಪಲಿ ಕದ್ದು ಹೂತಿಡುವುದು ಈ ನಾಯಿಯ ಹಳೇ ಚಾಳಿ. ಇವತ್ತು ಮಧ್ಯಾಹ್ನ ಹಿತ್ತಲಿನ ತೆಂಗಿನ ಬುಡದಲ್ಲಿ ಮರಳು ಕೆದರಿ, ಒಂದನ್ನು ತಂದು ನನ್ನ ಕಾಲ ಬಳಿ ಹಾಕಿತು. ಕಂದು ಬಣ್ಣದ್ದು. ಕಿತ್ತ ಪಟ್ಟಿಗೆ ನೀಲಿ ದಾರದ ಹೊಲಿಗೆ. ಹೊಲಿದವಳು ನಾನೇ.

"ಚಪ್ಪಲಿ ಎಲ್ಲಾ ಒಂದೇ ಥರ ಇರುತ್ತೆ, ಬಿಸಾಕು" ಅಂದರು, ಪೇಪರಿನಿಂದ ತಲೆ ಎತ್ತದೆ.

ಬಿಸಾಡಲಿಲ್ಲ. ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ. ಇವರದು ಆಗಲೇ ಗೊರಕೆ. ನಾಯಿಗೆ ಮಾತ್ರ ನಿದ್ದೆಯಿಲ್ಲ, ಹಿಂಬಾಗಿಲು ಕೆರೆಯುತ್ತಲೇ ಇದೆ.

ಸಂಜೆ ಅದು ಇನ್ನೊಂದನ್ನು ತಂದಿತ್ತು. ಇವರಿಗೆ ತೋರಿಸಲಿಲ್ಲ. ಕೆಂಪು ಮಣಿ ಪೋಣಿಸಿದ್ದು. ಹಾಕಿಕೊಂಡು ನೋಡಿದೆ. ನನ್ನ ಹಿಮ್ಮಡಿ ಹೊರಗೇ ಉಳಿಯಿತು.