ನೈರುತ್ಯದ ಬಾವಿಗೆ ಕಳೆದ ಎರಡು ಅಂಕ

ಗಂಗೇಸಂದ್ರ ಬಡಾವಣೆ, ಒಂಬತ್ತನೇ ಸುತ್ತು
೨೧೫೧, ಇಪ್ಪತ್ತೇಳನೇ ಸರದಿ, ಮೂರನೇ ದಿನ

ಮುತ್ತಾತ ಗವಿರಂಗಪ್ಪ ಮೇಷ್ಟ್ರಿಗೆ,

ಈ ಕಾಗದವನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲಿನ ಅರವತ್ತೆಂಟು ವರ್ಷದಲ್ಲಿ ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಬೆರಳು ಈಗಲೇ ಸೆಟೆದುಕೊಂಡಿದೆ. ಆದರೆ ಹಿಂದಂಚೆಯ ನಿಯಮ ಹಾಗಿದೆ: ವಂಶದಲ್ಲಿ ಬದುಕಿರುವವರ ಪೈಕಿ ಎಲ್ಲರಿಗಿಂತ ಹಿರಿಯರೇ ಬರೆಯಬೇಕು, ಸ್ವಂತ ಕೈಯಲ್ಲೇ ಬರೆಯಬೇಕು, ಒಂದು ಮನೆತನಕ್ಕೆ ಒಂದೇ ಕಾಗದ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಹೇಗೆ ಹೋಗುತ್ತದೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ನಿನಗೆ ಅರ್ಥವಾಗದ ಮಾತುಗಳು ಇದರಲ್ಲಿ ಬರುತ್ತವೆ. ತಪ್ಪು ನನ್ನದಲ್ಲ. ನೀವು ಬಿಟ್ಟುಹೋದದ್ದಕ್ಕೆ ನಾವು ಹೆಸರಿಟ್ಟುಕೊಂಡೆವು, ಅಷ್ಟೇ.

ನಾನು ನಿನ್ನ ಮಗಳ ಮೊಮ್ಮಗಳು, ದ್ಯಾವಮ್ಮ. ವಯಸ್ಸು ಎಪ್ಪತ್ತೇಳು. ಪಕ್ಕದಲ್ಲಿ ಕೂತು ಪ್ರಾಣ ತಿನ್ನುತ್ತಿರುವವಳು ನನ್ನ ತಂಗಿ ಲಕ್ಕಮ್ಮ, ಎಪ್ಪತ್ತೊಂದು. ಬರೆಯಲೇಬೇಕೆಂದು ಹಟ ಹಿಡಿದು ಕೂರಿಸಿದವಳೂ ಅವಳೇ, ಈಗ ಸಾಲು ಸಾಲೂ ನನ್ನಿಂದ ಓದಿಸಿಕೊಂಡು ತಪ್ಪು ಹಿಡಿಯುವವಳೂ ಅವಳೇ.

"ಅಕ್ಕಯ್ಯ, ಹಿರೀಕರಿಗೆ ನೀನು ಗೀನು ಅಂತ ಬರೀತೀಯಾ? ನೀವು ಅನ್ನು."

"ಯಾವ ಹಿರೀಕನೇ? ಅವನಿಗೀಗ ಮೂವತ್ತೆಂಟು. ನನ್ನ ಮಗ ಇದ್ದಿದ್ರೆ ಅದಕ್ಕಿಂತ ದೊಡ್ಡವನಾಗಿರ್ತಿದ್ದ."

"ಆದ್ರೂ ಮೇಷ್ಟ್ರು."

"ಮೇಷ್ಟ್ರು ಅಂತಲೇ ಬೈಯ್ಯೋದು. ಓದದೇ ಇರೋನಾಗಿದ್ರೆ ಬಿಟ್ಟುಬಿಡ್ತಿದ್ದೆ."

ಈ ಕಾಗದ ನಿನ್ನ ಕೈಗೆ ಬರುವುದು ಎರಡು ಸಾವಿರದ ಇಪ್ಪತ್ತೈದರ ನವೆಂಬರಿನ ಒಂದು ಭಾನುವಾರ. ಮೂರನೇ ಸೈಟು ನೋಡಿ, ಸ್ಕೂಟರ್ ನಿಲ್ಲಿಸಿ, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಶೂ ಬಿಚ್ಚುತ್ತಿರುತ್ತೀಯ. ನನಗೆ ಹೇಗೆ ಗೊತ್ತು ಎಂದರೆ, ನಿನ್ನ ನೋಟ್‌ಬುಕ್ಕು ನನ್ನ ಹತ್ತಿರ ಇದೆ. ಬೆಂಗಳೂರಿನ ಸುತ್ತ ಯಾವ ಬಡಾವಣೆ ವಾಸಕ್ಕೆ ಒಳ್ಳೆಯದು ಎಂದು ಒಂದು ವರ್ಷ ಸುತ್ತಿದವನು ನೀನು. ಲೆಕ್ಕದ ಮೇಷ್ಟ್ರಲ್ಲವೇ, ಮಕ್ಕಳಿಗೆ ಹಾಕಿದ ಹಾಗೆ ಊರಿಗೂ ಅಂಕ ಹಾಕಿದ್ದೀಯ. ಪುಟಕ್ಕೆ ಗೆರೆ ಎಳೆದು ಶಾಲೆ, ಆಸ್ಪತ್ರೆ, ಬಸ್ಸು, ಗಾಳಿ, ನೀರು, ವಾಸ್ತು, ಅಕ್ಕಪಕ್ಕ ಎಂದು ಮನೆ ಮಾಡಿದ್ದೀಯ. ಕೆಂಪು ಇಂಕು. ಅಕ್ಷರ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ.

ಮೂರು ಊರಿಗೂ ನೀನು ಹಾಕಿದ ಅಂಕ ನೋಡಿದೆ. ಅವು ಏನಾದವು ಎಂದು ಹೇಳುತ್ತೇನೆ.

ಹೊನ್ನೇನಕುಂಟೆಗೆ ಬಸ್ಸು, ರೈಲು ಹತ್ತಿರ ಎಂದು ಹತ್ತಕ್ಕೆ ಒಂಬತ್ತು ಹಾಕಿದ್ದೀಯ. ಈಗ ಅಲ್ಲಿ ಜನರಿಲ್ಲ. ನಗರದ ಯಂತ್ರಗಳನ್ನು ತಣ್ಣಗಿಡುವ ಗೋಡೌನುಗಳಿವೆ. ಕಿಟಕಿಯಿಲ್ಲದ ಕಟ್ಟಡಗಳು, ಒಂದರ ಪಕ್ಕ ಒಂದು, ಹಗಲೂ ರಾತ್ರಿ ಗುಂಯ್ ಎನ್ನುತ್ತವೆ. ರೈಲು ಮಾತ್ರ ಇನ್ನೂ ಅಲ್ಲಿ ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ.

ಸಿಡಿಲಬಂಡೆ ಹೊಸೂರಿನ ಶಾಲೆಗೆ ಹತ್ತಕ್ಕೆ ಹತ್ತು. ಗಾಳಿಗೂ ಹತ್ತು. ಎತ್ತರದ ಊರು, ನಿನ್ನ ಮನಸ್ಸು ಅಲ್ಲೇ ಇತ್ತು ಎಂದು ಓದಿದರೆ ತಿಳಿಯುತ್ತದೆ. ಕೊನೆಗೆ ಬೇಡವೆಂದದ್ದು ಸೈಟಿಗೆ ದಕ್ಷಿಣದ ಬಾಗಿಲು ಬರುತ್ತದೆಂದು. ಕೇಳು. ನನಗೆ ಒಂಬತ್ತು ವರ್ಷವಾದಾಗ ನಮ್ಮ ಗಂಗೇಸಂದ್ರದ ಶಾಲೆಯನ್ನು ಎತ್ತಿ ಆ ಹೊಸೂರಿಗೇ ಸೇರಿಸಿದರು. ಅಲ್ಲಿ ವಾಸವಿರುವವರ ಮಕ್ಕಳಿಗೆ ಮಾತ್ರ ಪ್ರವೇಶ ಎಂದರು. ಅಪ್ಪ ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋದ. ಗೇಟಿನವನು ನನ್ನ ಮಣಿಕಟ್ಟು ನೋಡಿದ. ನಮ್ಮ ಕಾಲದಲ್ಲಿ ನಗರವನ್ನು ಸುತ್ತುಗಳಾಗಿ ಹಂಚಿದ್ದಾರೆ, ಯಾವ ಸುತ್ತಿನವರು ಎಂಬುದು ಮಣಿಕಟ್ಟಿನ ಪಟ್ಟಿಯಲ್ಲಿರುತ್ತದೆ. "ಒಂಬತ್ತನೇ ಸುತ್ತಾ? ವಾಪಸ್ ಕರ್ಕೊಂಡೋಗಿ ಸ್ವಾಮಿ" ಅಂದ. ಅಷ್ಟಕ್ಕೆ ನನ್ನ ಓದು ಮುಗಿಯಿತು. ನೀನು ಹತ್ತು ಅಂಕ ಕೊಟ್ಟ ಶಾಲೆ ಅದು. ಈಗ ಆ ಊರಿನ ಸುತ್ತ ಗೋಡೆ ಎದ್ದಿದೆ. ಒಳಗಿರುವವರು ಹೊರಗೆ ಬರುವುದಿಲ್ಲ. ಸುಖವಾಗಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮೂರನೆಯದು ನಮ್ಮದು. ಗಂಗೇಸಂದ್ರ. ಪೂರ್ವದ ಬಾಗಿಲು, ಮೂಲೆ ಸೈಟು, ವಾಸ್ತುವಿಗೆ ಎಂಟು. ನೀರಿಗೆ ಹತ್ತು ಹಾಕಿ ಪಕ್ಕದಲ್ಲಿ ಬರೆದಿದ್ದೀಯ: "ಎರಡು ವರ್ಷದಲ್ಲಿ ಕಾವೇರಿ ಲೈನು ಬರುತ್ತದೆಂದು ಬ್ರೋಕರ್ ಹೇಳಿದ." ಅದರ ಕೆಳಗೇ ಇನ್ನೊಂದು ಸಾಲು: "ಸೈಟಿನಲ್ಲಿ ಹಳೇ ತೆರೆದ ಬಾವಿ. ನೈರುತ್ಯ. ವಾಸ್ತುವಿನಲ್ಲಿ ಎರಡು ಅಂಕ ಕಳೆ. ಮುಚ್ಚಿಸಿದರೆ ಸರಿಹೋಗುತ್ತದೆ."

ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬಾರದ ನೀರಿಗೆ ಹತ್ತು, ಇದ್ದ ನೀರಿಗೆ ಕಳೆ ಎರಡು. ನಿನ್ನ ಶಾಲೆಯ ಹುಡುಗ ಹೀಗೆ ಕೂಡಿಸಿ ಕಳೆದಿದ್ದರೆ ಕಿವಿ ಹಿಂಡುತ್ತಿರಲಿಲ್ಲವೇ ನೀನು?

ಬಾವಿ ಮುಚ್ಚಿದ ಕಥೆಯನ್ನು ನನ್ನ ಅಜ್ಜಿ, ಅಂದರೆ ನಿನ್ನ ಮಗಳು, ಹೇಳುತ್ತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಹನ್ನೆರಡು ಟ್ರ್ಯಾಕ್ಟರ್ ಮಣ್ಣು ಸುರಿದರಂತೆ. ಮುಚ್ಚುವ ಮೊದಲು ಬಾವಿಗೆ ಅರಿಸಿನ ಕುಂಕುಮ ಹಾಕಿ, ಬಾಳೆಹಣ್ಣು ಇಟ್ಟು, ತಪ್ಪಾಯಿತೆಂದು ಕೈ ಮುಗಿದೆಯಂತೆ. ಕೊನೆಯ ಟ್ರ್ಯಾಕ್ಟರಿನವರೆಗೂ ನೀರು ಮಣ್ಣಿನ ಮೇಲಕ್ಕೆ ಉಕ್ಕಿ ಬರುತ್ತಲೇ ಇತ್ತಂತೆ. ಕೈ ಮುಗಿದವನಿಗೆ ಅದು ಕಾಣಲಿಲ್ಲವೇ?

ಈಗ ಇಲ್ಲಿ ಹೇಗಿದ್ದೇವೆ ಎಂದು ಹೇಳುತ್ತೇನೆ. ತಿಂಗಳುಗಳನ್ನು ಎಣಿಸುವುದು ಬಿಟ್ಟು ಬಹಳ ಕಾಲವಾಯಿತು. ನೀರು ಹನ್ನೊಂದು ದಿನಕ್ಕೊಮ್ಮೆ ಬರುತ್ತದೆ. ಒಂದು ಸಲ ಬಂದದ್ದಕ್ಕೆ ಒಂದು ಸರದಿ ಎನ್ನುತ್ತೇವೆ, ವರ್ಷಕ್ಕೆ ಮೂವತ್ತಮೂರು. ನೀರನ್ನು ತೂಕ ಹಾಕಿ ಕೊಡುತ್ತಾರೆ. ನಾನು ಮೂವತ್ತೊಂದು ವರ್ಷ ಆ ತೂಕದ ಕಟ್ಟೆಯಲ್ಲಿ ಕೆಲಸ ಮಾಡಿದವಳು. ಯಾರ ಮನೆಯ ಕೊಡ ಎಷ್ಟು ಭಾರ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಪಾತ್ರೆಯನ್ನು ಬೂದಿಯಲ್ಲಿ ತಿಕ್ಕಿ ಬಟ್ಟೆಯಲ್ಲಿ ಒರೆಸುತ್ತೇವೆ. ಮೈಗೂ ಒದ್ದೆ ಬಟ್ಟೆಯೇ. ಬಚ್ಚಲುಮನೆಯಲ್ಲಿ ನಾನು ಈರುಳ್ಳಿ ಇಟ್ಟಿದ್ದೇನೆ. ನಿಮ್ಮ ಕಾಲದಲ್ಲಿ ಬಡಾವಣೆಯ ನಡುವೆ ಈಜುಕೊಳ ಕಟ್ಟಿದ್ದರಲ್ಲ, ಆ ಗುಂಡಿಯಲ್ಲಿ ಈಗ ಮದುವೆ ಮಾಡುತ್ತೇವೆ. ಕೆಳಗೆ ನೆರಳಿರುತ್ತದೆ. ನನ್ನ ಮದುವೆಯೂ ಅಲ್ಲೇ ಆಯಿತು. ನೀಲಿ ಹೆಂಚಿನ ಮೇಲೆ ಕೂತು ಧಾರೆ ಎರೆಸಿಕೊಂಡೆ. ಧಾರೆಗೆ ಒಂದು ಚಮಚ ನೀರು. ಅದು ಕೆಳಗೆ ಬೀಳದಂತೆ ಲಕ್ಕಿ ಬಟ್ಟಲು ಹಿಡಿದಿದ್ದಳು.

ಇಷ್ಟೂ ನಡೆಯುತ್ತಿತ್ತು. ಈ ವರ್ಷ ನಮ್ಮ ಬಡಾವಣೆಯನ್ನು 'ಸ್ವತಂತ್ರ' ಎಂದು ಘೋಷಿಸುತ್ತಾರಂತೆ. ಹೆಸರು ಕೇಳಿ ಮೋಸಹೋಗಬೇಡ. ಸ್ವತಂತ್ರ ಎಂದರೆ ನಗರ ನಮ್ಮ ಕೈಬಿಟ್ಟಿತು, ಪೈಪು ಮುಚ್ಚಿತು ಎಂದರ್ಥ. ಆಮೇಲೆ ಜನರನ್ನು ಬೇರೆ ಸುತ್ತುಗಳಿಗೆ ಹಂಚುತ್ತಾರೆ. ಒಳ್ಳೆಯ ಬಡಾವಣೆ ಯಾವುದು ಎಂದು ಆರಿಸುವ ಕಷ್ಟ ನಮಗಿಲ್ಲ, ಅವರೇ ಆರಿಸುತ್ತಾರೆ. ವಯಸ್ಸಿನ ಮೇಲೆ. ಎಪ್ಪತ್ತೈದು ದಾಟಿದವರು ಪಡುವಣ ಕಡೆಯ ಹಿರಿಯರ ಸುತ್ತಿಗೆ. ದಾಟದವರು ಮೂಡಣ ಕಡೆಯ ದುಡಿಮೆಯ ಸುತ್ತಿಗೆ. ನಡುವೆ ಇಡೀ ಬೆಂಗಳೂರು. ಹಗ್ಗದ ಗಾಡಿ, ಅಂದರೆ ತಲೆಯ ಮೇಲೆ ತಂತಿಯಲ್ಲಿ ಹೋಗುವ ಗಾಡಿ, ಮೂರು ಬದಲಿಸಬೇಕು. ನೋಡಲು ಹೋಗುವ ಪರವಾನಗಿ ವರ್ಷಕ್ಕೊಂದು ಸಲ. ನನಗೆ ಎಪ್ಪತ್ತೇಳು, ಲಕ್ಕಿಗೆ ಎಪ್ಪತ್ತೊಂದು. ಲೆಕ್ಕ ನೀನೇ ಮಾಡಿಕೋ.

ಲಕ್ಕಿ ಹುಟ್ಟಿದಾಗಿನಿಂದ ನಾವಿಬ್ಬರೂ ಒಂದೇ ಗೋಡೆಯ ಆಚೆ ಈಚೆ. ಇಬ್ಬರ ಗಂಡಂದಿರೂ ಹೋದರು. ನನ್ನ ಮಗನೂ ಹೋದ. ದಿನಾ ಬೆಳಗ್ಗೆ ಅವಳು ಗೋಡೆಗೆ ಮೂರು ಸಲ ತಟ್ಟುತ್ತಾಳೆ, ಬದುಕಿದ್ದೀಯಾ ಎಂದು. ನಾನು ಒಂದು ಸಲ ತಟ್ಟುತ್ತೇನೆ, ಇದ್ದೇನೆ ಎಂದು. ತಡವಾದರೆ ಬಾಗಿಲಿಗೆ ಒದೆಯುತ್ತಾಳೆ. ಹಂಚಿಕೆಯ ಸುದ್ದಿ ಬಂದ ದಿನ ನಾನೇ ಮೊದಲು ಬಾಯಿ ಬಿಟ್ಟೆ.

"ನಿನಗೇನೇ, ಇನ್ನೂ ದುಡಿಯೋ ವಯಸ್ಸು. ಹೋಗು."

"ಹೋಗ್ತೀನಿ. ನಿನ್ನ ಗೊರಕೆ ತಪ್ಪುತ್ತೆ" ಅಂದಳು. ಆಮೇಲೆ ಮೂರು ದಿನ ಗೋಡೆ ತಟ್ಟಲಿಲ್ಲ. ನಾಲ್ಕನೇ ದಿನ ತಟ್ಟಿದಳು, ಕೈ ನೋಯುವ ಹಾಗೆ.

ಉಳಿಯಲು ಒಂದೇ ದಾರಿ. ಬಡಾವಣೆಗೆ ಸ್ವಂತ ನೀರು ಇದೆ ಎಂದು ತೋರಿಸಿದರೆ ಎಬ್ಬಿಸುವುದಿಲ್ಲ. ಹೊಸ ಬೋರು ಕೊರೆಯುವಂತಿಲ್ಲ. ಹಳೇ ಬಾವಿ ಇದ್ದ ಜಾಗದಲ್ಲಿ ಒಂದೇ ಒಂದು ಗುಂಡಿ ತೋಡಲು ಬಿಡುತ್ತಾರೆ, ಆರಡಿ ಅಗಲ. ತಪ್ಪು ಜಾಗ ತೋಡಿದರೆ ಮುಗಿಯಿತು, ಎರಡನೆಯದಿಲ್ಲ. ಎಲ್ಲಿದೆ ಎಂದು ನೋಡುವ ಯಂತ್ರವಿದೆ. ಕೈಬಿಡಲಿರುವ ಬಡಾವಣೆಗೆ ಅದನ್ನು ಕಳಿಸುವುದಿಲ್ಲವಂತೆ. ಪಕ್ಕದ ಹುಣಸೇತೋಪಿನವರಿಗೆ ಅವರ ಬಾವಿಯ ಜಾಗ ಗೊತ್ತಿತ್ತು. ಇಪ್ಪತ್ತೆರಡು ಅಡಿಗೆ ಒದ್ದೆ ಮಣ್ಣು, ಮೂವತ್ತಕ್ಕೆ ನೀರು. ಅವರನ್ನು ಯಾರೂ ಮುಟ್ಟಲಿಲ್ಲ.

ನಮ್ಮ ಬಾವಿ ಎಲ್ಲಿ? ನೈರುತ್ಯ ಎಂದು ಬರೆದಿದ್ದೀಯ. ಯಾವುದರ ನೈರುತ್ಯ? ನಿನ್ನ ಸೈಟು ಈಗ ಇಲ್ಲ. ಅಜ್ಜಿಯ ನಡುವಯಸ್ಸಿನಲ್ಲಿ ಹತ್ತು ಸೈಟು ಸೇರಿಸಿ ಹನ್ನೊಂದು ಅಂತಸ್ತಿನ ಕಟ್ಟಡ ಕಟ್ಟಿದರು. ಸುತ್ತ ಅಂಗಳ, ರಸ್ತೆ, ಎಲ್ಲದರ ಮೇಲೂ ಕಾಂಕ್ರೀಟು. ಗಡಿಕಲ್ಲು ಒಂದೂ ಉಳಿದಿಲ್ಲ. ಉಳಿದಿರುವುದು ಹಿಂದಿನ ಆನೆಬಂಡೆ ಒಂದೇ. ಅದು ನಿನಗೂ ಗೊತ್ತು, ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆದಿದ್ದೀಯ. ಬಂಡೆಯ ಚಿತ್ರ ಬರೆದವನಿಗೆ ಬಾವಿಯ ಚಿತ್ರ ಬರೆಯಲು ಏನಾಗಿತ್ತು?

ಮುಚ್ಚಬೇಡ ಎಂದೇ ಬರೆಯುತ್ತಿದ್ದೆ. ಹಿಂದಂಚೆಯ ಕಟ್ಟೆಯಲ್ಲಿರುವ ಹೆಂಗಸು ಬೇಡವೆಂದಳು. "ಅಜ್ಜಿ, ಆಗೋಗಿದ್ದನ್ನ ಕಾಗದ ತಿರುಗಿಸಲ್ಲ. ಅವ್ರು ಓದ್ತಾರೆ, ಬೇಜಾರು ಮಾಡ್ಕೋತಾರೆ, ಆಮೇಲೂ ಮುಚ್ಚೇ ಮುಚ್ತಾರೆ. ಇಲ್ಲೀಗಂಟ ಯಾರೂ ಬಿಚ್ಚಿ ನೋಡದೇ ಇರೋದು ಏನಾದ್ರೂ ಮನೇಲಿದ್ರೆ, ಅದ್ರೊಳಗೆ ಉತ್ತರ ಇಡೋಕೆ ಹೇಳಿ. ಅದು ಮಾತ್ರ ಬಂದ್ರೂ ಬರಬಹುದು" ಅಂದಳು. ಆದ್ದರಿಂದ ನೀನು ಗಂಗೇಸಂದ್ರವನ್ನೇ ಆರಿಸುತ್ತೀಯ. ಬಾವಿಯನ್ನೂ ಮುಚ್ಚುತ್ತೀಯ. ಇದನ್ನು ಓದಿದ ಮೇಲೂ ಮುಚ್ಚುತ್ತೀಯ. ನೀನು ಹೇಗೆ ಸಮಾಧಾನ ಮಾಡಿಕೊಳ್ಳುತ್ತೀಯೋ ನನಗೆ ಬೇಕಿಲ್ಲ.

ಬಿಚ್ಚಿ ನೋಡದ ವಸ್ತು ನಮ್ಮಲ್ಲಿ ಒಂದೇ ಇದೆ. ನಿನ್ನ ಹೊಸ್ತಿಲು. ವಾಸಕಲ್ಲು ಪೂಜೆಗೆ ಮೊದಲು ಕಲ್ಲುಕುಟಿಗನಿಂದ ಹೊಸ್ತಿಲ ಕಲ್ಲಿನ ತಳದಲ್ಲೇ ಗುಳಿ ಕೊರೆಸಿ, ಅದರಲ್ಲಿ ಪಂಚಲೋಹ, ನವರತ್ನ ಇಟ್ಟು, ಗಾರೆ ಮೆತ್ತಿಸುತ್ತೀಯ. ಮುಂದಿನ ವರ್ಷ ಮೇ ಇಪ್ಪತ್ತೊಂದು, ಬೆಳಗ್ಗೆ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ, ನೀನು ಇನ್ನೂ ಬರೆಯಬೇಕಷ್ಟೇ. ಮನೆ ಬದಲಾದರೂ ಮೊದಲ ಮನೆಯ ಹೊಸ್ತಿಲನ್ನು ಹೊತ್ತುಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿಯಾಯಿತು. ನಿನ್ನ ಮನೆ ಒಡೆದಾಗ ಎಂಟು ಜನ ಸೇರಿ ಅದನ್ನು ನಾಲ್ಕನೇ ಅಂತಸ್ತಿಗೆ ಹೊತ್ತರು. ಈಗ ನನ್ನ ಬಾಗಿಲಲ್ಲಿದೆ. ದಿನಾ ದಾಟುತ್ತೇನೆ. ಗಾರೆ ಹಾಗೇ ಇದೆ. ಅದನ್ನು ಒಡೆದರೆ ಮನೆ ಒಡೆಯುತ್ತದೆ ಎಂದು ಅಜ್ಜಿ ಹೆದರಿಸಿದ್ದಳು, ಅದಕ್ಕೇ ಯಾರೂ ಮುಟ್ಟಿಲ್ಲ. ಮನೆ ಹೇಗೂ ಒಡೆಯುತ್ತಿದೆ.

ಆ ಗುಳಿಯಲ್ಲಿ ಒಂದು ತಾಮ್ರದ ತಗಡು ಇಡು. ಕಾಗದ ಬೇಡ, ಕೊಳೆಯುತ್ತದೆ. ಮೊಳೆಯಲ್ಲಿ ಕೊರೆ. ಆನೆಬಂಡೆಯ ಸೊಂಡಿಲಿನ ತುದಿಯಿಂದ ಬಾವಿಯ ನಡುಮಧ್ಯಕ್ಕೆ ಎಷ್ಟು ಅಡಿ, ಯಾವ ದಿಕ್ಕು. ಅಷ್ಟೇ ಸಾಕು. ಆಶೀರ್ವಾದ ಬೇಡ, ಕ್ಷಮಾಪಣೆ ಬೇಡ. ಟೇಪು ಹಿಡಿದು ಅಳೆ, ಹೆಜ್ಜೆಯಲ್ಲಿ ಅಳೆಯಬೇಡ. ಎರಡು ಸಲ ಅಳೆ. ಟ್ರ್ಯಾಕ್ಟರ್ ಬರುವ ಮೊದಲು ಅಳೆ.

ಇನ್ನೊಂದು ಮಾತು. ಮೂರು ಊರಿಗೂ 'ಅಕ್ಕಪಕ್ಕ' ಎಂಬ ಮನೆಯನ್ನು ಖಾಲಿ ಬಿಟ್ಟಿದ್ದೀಯ. ವಾಸಕ್ಕೆ ಬರುವ ಮೊದಲು ಅದು ಹೇಗೆ ಗೊತ್ತಾಗುತ್ತದೆ ಎಂದಿರಬೇಕು. ಗಂಗೇಸಂದ್ರದ ಪುಟದಲ್ಲಿ ಅದನ್ನು ಇವತ್ತು ನಾನು ತುಂಬಿದೆ. ಎಷ್ಟು ಹಾಕಿದೆ ಎಂದು ಲಕ್ಕಿ ಇಣುಕಿದಳು. ಕೈ ಅಡ್ಡ ಹಿಡಿದೆ.

"ತೋರ್ಸೇ. ಹತ್ತಕ್ಕೆ ಎಷ್ಟು?"

"ನಾಕು. ಬಾಯಿ ಜಾಸ್ತಿ ಅಂತ ಆರು ಕಳೆದೆ."

ಅವಳಿಗೆ ಓದಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಹೊಸ್ತಿಲನ್ನು ಒಡೆಯುವುದು ಇಪ್ಪತ್ತೊಂಬತ್ತನೇ ಸರದಿಯ ಐದನೇ ದಿನ, ಬೆಳಗ್ಗೆ. ಇವತ್ತಿಗೆ ಇಪ್ಪತ್ತನಾಲ್ಕು ದಿನ. ಮೂವತ್ತನೇ ಸರದಿಗೆ ಹಂಚಿಕೆಯವರು ಬಂದುಬಿಡುತ್ತಾರೆ, ಅದಕ್ಕಿಂತ ತಡಮಾಡಲಾಗದು. ಸುತ್ತಿಗೆ ಲಕ್ಕಿಯ ಮನೆಯದು, ಏಟು ನನ್ನದು. ನಿನ್ನ ಗಡುವನ್ನು ನಿನ್ನ ಲೆಕ್ಕದಲ್ಲಿ ಹೇಳಬೇಕೆಂದರೆ ಎರಡು ಸಾವಿರದ ಇಪ್ಪತ್ತಾರು, ಮೇ ಇಪ್ಪತ್ತೊಂದು, ಗಾರೆಯವನು ಕರಣೆ ಎತ್ತುವ ಮೊದಲು. ಅಷ್ಟರೊಳಗೆ ಉತ್ತರ ಆ ಗುಳಿಯಲ್ಲಿರಬೇಕು.

ದ್ಯಾವಮ್ಮ