ಹ್ಯಾಂಡಲ್ ಈಗ ಬಾವಿಯಲ್ಲಿದೆ, ಮಾಮ

ಮಾಮ,

ಮೊದಲು ಒಂದು ಅಪರಾಧ ಒಪ್ಪಿಕೊಳ್ಳುತ್ತೇನೆ. ನಿಮ್ಮ ಹಳೇ ಪಿಕಪ್ಪನ್ನು ತಿರುಗಿಸಿ ಎಬ್ಬಿಸುವ ಆ ಕಬ್ಬಿಣದ ಹ್ಯಾಂಡಲನ್ನು ಪೆದ್ದಹರಿವಾಣದ ಹಾಳುಬಾವಿಗೆ ಎಸೆದವನು ನಾನೇ. ಸ್ನಾನ ಮಾಡಿ, ಪೂರ್ವಕ್ಕೆ ಮುಖಮಾಡಿ, ಪೂರ್ಣ ಪ್ರಜ್ಞೆಯಿಂದ ಎಸೆದೆ. ನೀವು ಹೋದ ದಿನ ಕಣ್ಣೀರು ಬಂದಿತ್ತು; ಅದು ಮುಳುಗಿದ ದಿನ ಬರಲಿಲ್ಲ.

ಹ್ಯಾಂಡಲ್ ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಮುರಿದ ಬೆಳಿಗ್ಗೆ ನೆನಪಿದೆಯೇ? ಎಲ್ಲರ ಗಾಡಿ ಕೈಕೊಡುತ್ತದೆ. ನಿಮ್ಮದು ಕೈ ತೆಗೆದುಕೊಂಡಿತು. ನೀವು ಸೀಟಿನಿಂದ ಇಳಿಯಲೂ ಇಲ್ಲ. "ಬಿ.ಎ. ಓದಿದ ಕೈ, ಪೆನ್ನಿಗಷ್ಟ ಬರ್ತೈತಿ," ಎಂದು ದಾರಿಹೋಕರಿಗೆ ಸಾರಿದಿರಿ. ಸ್ಟಾರ್ಟರ್ ಮೋಟರ್ ಬದಲಿಸಿ ಎಂದರೆ, "ಎರಡು ಕೈ ಇರಾಗ ಮೋಟರ್ ಯಾಕೋ?" ಆ ಎರಡು ಕೈ ಯಾರವು ಎಂದು ಒಮ್ಮೆಯಾದರೂ...

ಆಲೂರಿಗೆ ಹೋದಾಗಲೆಲ್ಲ ಕಚೇರಿ ಮುಂದಿನ ಬೇವಿನ ನೆರಳು ಬಿಟ್ಟು, ಉರುಳಿಸಿ ಎಬ್ಬಿಸಲು ಅನುಕೂಲವೆಂದು ಊರಾಚೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ನನ್ನನ್ನು ಬಿಸಿಲಲ್ಲಿ ನಡೆಸಿದಿರಿ. ಬೀಗರ ಊರನ್ನೂ ದಿಬ್ಬ ನೋಡಿಯೇ ಆರಿಸಿದಿರೇನೋ.

ನಿಮ್ಮ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅತ್ತಿ ಹೇಳಿದ್ದು ಇಷ್ಟು: "ಗುಂಡಿ ಒತ್ತಿದ್ರ ಎದ್ದರ ಗಾಡಿ ನಿನಗ. ಇಲ್ಲಂದ್ರ ನನ್ನ ತಮ್ಮ ಒಯ್ಯಲಿ. ನಿಂದು ಇನ್ನೊಂದು ಕೈ ಮುರಿಯಾದು ನೋಡಾಕ ನನ್ನಿಂದ ಆಗಂಗಿಲ್ಲಪ್ಪ." ಆ ಗಾಡಿಯಲ್ಲಿ ಎಮ್ಮಿಗನೂರಿನ ಸೀರೆ ಗಂಟುಗಳನ್ನು ಆದೋನಿಗೆ ತರುವುದು ಬಿಟ್ಟರೆ ನನಗೆ ಬೇರೆ ಅನ್ನವಿಲ್ಲ. ಇನ್ನು ಗುಂಡಿಯಿಂದಲೇ ಎಬ್ಬಿಸುತ್ತೇನೆಂಬ ಆವೇಶದಲ್ಲೇ ಹ್ಯಾಂಡಲ್ ಬಾವಿ ಸೇರಿತು.

ಅಮಾವಾಸ್ಯೆ ಮರುದಿನ ಗಾಡಿ ರಿಪೇರಿಯ ಖಾದರ್ ಮೇಸ್ತ್ರಿಯೂ ನಾನೂ ಗಾಡಿಯಡಿ ಮಲಗಿ ಹಳೇ ಮೋಟರ್ ಬಿಚ್ಚಿದೆವು. ಬಳ್ಳಾರಿಯಿಂದ ತಂದ ಮೋಟರನ್ನು ಇದೇ ಬಿ.ಎ. ಕೈಯಿಂದ ಕೂರಿಸಿದೆ. ಅತ್ತಿ ತೆಂಗಿನಕಾಯಿ ಒಡೆದಳು. ಗುಂಡಿ ಒತ್ತಿದೆ. ಟಕ್. ಅಷ್ಟೇ. ಅತ್ತಿಯ ತಮ್ಮ ಹೆಗಲ ವಲ್ಲಿ ಸರಿಮಾಡಿಕೊಂಡು, "ಹೊಸ ಮೋಟರ್ ಚಲೋ ಮಾತಾಡ್ತೈತಿ, ಒಂದ ಮಾತು," ಅಂದ. "ಹ್ಯಾಂಡಲ್ ಕೊಡ್ರಿ," ಅಂದ ಖಾದರ್. ನಾನು ಮುಗಿಲು ನೋಡಿದೆ.

ಖಾದರ್ ಮತ್ತೆ ಗಾಡಿಯಡಿ ತೂರಿದ. "ಬ್ಯಾಟರಿ ಪಟ್ಟಿ ಗಾಡಿ ಚಾಸಿ ಕಬ್ಬಿಣಕ್ಕ ಕೂಡೋ ಜಾಗದಾಗ ಹಸಿರು ಬಣ್ಣ ಐತ್ರಿ. ಪಟ್ಟಿ ಬಿಚ್ಚಿ, ಅದರಡಿಗೂ ಬಳದು, ತಿರಗಾ ಬೋಲ್ಟ್ ಬಿಗದಾರ. ಬಣ್ಣ ಅಡ್ಡ ಕುಂತ್ರ ದೀಪಕ್ಕ ಸಾಕು, ಮೋಟರಿಗೆ ಕರೆಂಟ್ ಎಲ್ಲಿಂದ ಬರಬೇಕು? ಯಾವ ಪುಣ್ಯಾತ್ಮಾರೀ ಇದು ಮಾಡಿದ್ದು?" ಚಾಕುವಿನಿಂದ ಕೆರೆದ. ಗುಂಡಿ ಒತ್ತಿದೆ, ಗಾಡಿ ಎದ್ದಿತು. ಅತ್ತಿ ಕೀಲಿ ನನ್ನ ಕೈಗಿಟ್ಟಳು. ನೀವು ಬಾಳೆಲ್ಲ ಮಾಡಿಸದ್ದನ್ನು ನಾನು ಮಾಡಿದೆ, ಮಾಮ.

ಮರುದಿನ ಕುತೂಹಲಕ್ಕೆ ಹಳೇ ಮೋಟರನ್ನೇ ಮತ್ತೆ ಕೂರಿಸಿದೆವು. ಅದರಿಂದಲೂ ಗಾಡಿ ಎದ್ದಿತು.

ಆ ದಸರಾ ರಜೆ ನೆನಪಿದೆಯಲ್ಲ? ಆಯುಧಪೂಜೆಗೆ ಗಾಡಿಗೆ ಹಸಿರು ಬಣ್ಣ ಬಳಿ ಎಂದಿರಿ. ಕಾಲೇಜು ಹುಡುಗನ ಶ್ರದ್ಧೆ; ಕಣ್ಣಿಗೆ ಕಾಣದ ಬೋಲ್ಟೂ ಬಿಚ್ಚಿ ಅಡಿಗೆಲ್ಲ ಬಳಿದೆ. ಪೂಜೆಯ ಮರುದಿನದಿಂದಲೇ ಹ್ಯಾಂಡಲ್ ಹೊರಬಂತು. ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನೆ...

ಇನ್ನೊಂದಿದೆ. ಯಾವ ಪುಣ್ಯಾತ್ಮ ಎಂದು ಖಾದರ್ ಕೇಳಿದಾಗ, ಅತ್ತಿಯ ಎದುರಿಗೇ, ನಾನು ನಿಮ್ಮ ಹೆಸರು ಹೇಳಿದೆ.