ಅಪ್ಪನ ವಿಮಾನ ನೋಡಿ ಬಂದೆ

ಅಪ್ಪಾ,

ಎದುರಿಗೆ ಹೇಳೋಕೆ ಬಾಯಿ ಬರ್ತಿಲ್ಲ. ಅದಕ್ಕೇ ಬೆಳಿಗ್ಗೆ ನಿನ್ನ ಕೈಗೆ ಸಿಗ್ಲಿ ಅಂತ ನೀನು ದಿನಾ ಹಾಕ್ಕೊಂಡು ಹೋಗೋ ಪೈಲಟ್ ಯೂನಿಫಾರ್ಮ್ ಜೇಬಲ್ಲಿ ಇದನ್ನ ಇಡ್ತಿದ್ದೀನಿ.

ಮಾವ ಇವತ್ತು ಮಾರಾಟಕ್ಕಿರೋ ಒಂದು ಹಳೇ ಬಿಸಿನೆಸ್ ಜೆಟ್ ಪರೀಕ್ಷೆ ಮಾಡೋಕೆ ಹೋಗ್ತಾ ನನ್ನನ್ನೂ ಕರ್ಕೊಂಡು ಹೋದ್ರು. ಸೂಪರ್ ಮಿಡ್‌ಸೈಜ್, ನೀನು ಓಡಿಸೋ ಥರದ್ದೇ, ಅಂದ ತಕ್ಷಣ ಕುಣಿದುಬಿಟ್ಟೆ. ಹ್ಯಾಂಗರ್ ಬಾಗಿಲು ತೆಗೆದ್ರೆ ಬಾಲದ ಹತ್ರ ನಿನ್ನ ವಿಮಾನದ ನಂಬರ್! ನಮ್ಮ ವಿಮಾನ ಹುಚ್ಚರ ಚಾಟ್ ಗ್ರೂಪಲ್ಲಿ ನನ್ನ ಹೆಸರೇ ಆ ನಂಬರ್ ಅಲ್ವಾ? "ಇದು ನಮ್ಮಪ್ಪ ಓಡಿಸೋದು!" ಅಂತ ಕೂಗಿದೆ.

ಕಾವಲಿನವರು ನಕ್ಕರು. "ಯಾವ ಕಾಲದ ಮಾತಮ್ಮಾ? ಇದು ಹಾರಿ ಎರಡು ವರ್ಷ ಆಯ್ತು. ಪೈಲಟ್‌ನ ಆಗ್ಲೇ ಮನೆಗೆ ಕಳಿಸಿದ್ರು."

ಮೊನ್ನೆ ತಾನೇ ವಿಮಾನ ಮೋಡದಲ್ಲಿ ಕುಲುಕಾಡಿದ ಕಥೆ ಹೇಳಿದ್ಯಲ್ಲ ಅಪ್ಪಾ, ಅದನ್ನ ಗ್ರೂಪಿಗೆಲ್ಲ ಹಾಕಿದ್ದೆ. ಮಾವನಿಗೂ ಈ ವಿಷಯ ಗೊತ್ತಿರಲಿಲ್ಲ. ಆಮೇಲೆ "ಟಾರ್ಚ್ ಹಿಡ್ಕೋ ಪುಟ್ಟೀ" ಅಂದ್ರು, ಅಷ್ಟೇ. ಹಿಡ್ಕೊಂಡೆ.

ಇಂಜಿನ್, ರೆಕ್ಕೆ, ಕಾಕ್‌ಪಿಟ್ ಎಲ್ಲಾ ನೋಡಿ ಮಾವ ಕೊಳ್ಳೋರಿಗೆ ಹೇಳಿದ್ರು: "ಗಟ್ಟಿಯಾಗಿದೆ. ನಿಂತಲ್ಲೇ ನಿಂತು ಟೈರ್ ಚಪ್ಪಟೆಯಾಗಿದೆ. ಸರಿಮಾಡಿದ್ರೆ ಹಾರುತ್ತೆ." ಈ ವಿಮಾನ ಗೊತ್ತಿರೋ ಪೈಲಟ್ ಇದ್ರೆ ಹೇಳಿ ಅಂತ ಅವರು ಕೇಳಿದ್ದಾರೆ. ಮಾವನಿಗೆ ಫೋನ್ ಮಾಡು, ನಾಚ್ಕೋಬೇಡ.

ಅಮ್ಮನಿಗೆ ನಾನೇನೂ ಹೇಳಿಲ್ಲ, ನೀನೇ ಹೇಳು. ಇದನ್ನ ಓದಿದ ಮೇಲೆ ಯೂನಿಫಾರ್ಮ್ ಬಿಚ್ಚಿಟ್ಟು ತಿಂಡಿಗೆ ಬಾ. ಆ ಕೆಲಸ ಸಿಕ್ಕಿದ ದಿನ ನಾನೇ ಇಸ್ತ್ರಿ ಮಾಡಿಕೊಡ್ತೀನಿ.

ಗ್ರೂಪಲ್ಲಿ ನನ್ನ ಹೆಸರು ಈಗಲೂ ಅದೇ ನಂಬರ್. ಬದಲಾಯಿಸಲ್ಲ.

ನಿನ್ನ
ಪುಟ್ಟಿ